ಹೊಲಿದ ಹಡಗು: ‘ಆಧಾರಗಳು’ ಘಟಕಕ್ಕೆ ಒಂದು ಪಾಠ

ತರಗತಿ: 8
ವಿಷಯ: ಸಮಾಜ ವಿಜ್ಞಾನ (ಇತಿಹಾಸ)
ಅವಧಿ: 40 ನಿಮಿಷ
ಬೋಧನೋಪಕರಣ: ಐ.ಎನ್.ಎಸ್.ವಿ. ಕೌಂಡಿನ್ಯ ಹಡಗಿನ ಚಿತ್ರ, ಅಜಂತಾದ ಹಡಗಿನ ಚಿತ್ರ, ಭಾರತದ ಭೂಪಟ, ಹಳೆಯ ರಟ್ಟು, ತೆಂಗಿನ ನಾರಿನ ಹುರಿ, ದಬ್ಬಳ

ಈ ಪಾಠ ಏಕೆ?

‘ಆಧಾರಗಳು’ ಘಟಕವನ್ನು ಅಭ್ಯಾಸ ಬೋಧನೆಯಲ್ಲಿ ನಾವು ಸಾಮಾನ್ಯವಾಗಿ ಕಪ್ಪುಹಲಗೆಯ ಮೇಲಿನ ಕವಲು ನಕ್ಷೆಯಿಂದ ಆರಂಭಿಸುತ್ತೇವೆ. ಸಾಹಿತ್ಯ ಆಧಾರ, ಪುರಾತತ್ವ ಆಧಾರ, ಅವುಗಳ ಒಳಗವಲು. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಆದರೆ ಒಂದು ಆಧಾರ ಎಷ್ಟು ಹೇಳುತ್ತದೆ, ಎಲ್ಲಿಗೆ ನಿಂತುಬಿಡುತ್ತದೆ ಎಂಬ ಪ್ರಶ್ನೆ ಅವರ ಮುಂದೆ ಬರುವುದೇ ಇಲ್ಲ. ಮೊಬೈಲಿನಲ್ಲಿ ದಿನಕ್ಕೆ ಹತ್ತು ಚಿತ್ರ ನೋಡುವ ಮಕ್ಕಳಿಗೆ ಈ ಪ್ರಶ್ನೆ ಇತಿಹಾಸದ ಅಂಕಕ್ಕಿಂತ ದೊಡ್ಡದು. ಅದನ್ನು ಕೇಳಿಸಲು ಒಂದು ಹಾಯಿಹಡಗನ್ನು ಇಲ್ಲಿ ಆರಿಸಲಾಗಿದೆ.

ಶಿಕ್ಷಕರಿಗೆ ತಿಳಿದಿರಬೇಕಾದದ್ದು

ಅಜಂತಾ ಗುಹೆಗಳ ವರ್ಣಚಿತ್ರಗಳಲ್ಲಿ 5ನೇ ಶತಮಾನದ ಒಂದು ಹಡಗಿದೆ. ಅದನ್ನು ಆಧರಿಸಿ ಹಡಗೊಂದನ್ನು ಕಟ್ಟಲು ಕೇಂದ್ರ ಸಂಸ್ಕೃತಿ ಸಚಿವಾಲಯ, ಭಾರತೀಯ ನೌಕಾಪಡೆ ಮತ್ತು ಗೋವಾದ ಹೋಡಿ ಇನ್ನೋವೇಷನ್ಸ್ ಸಂಸ್ಥೆ 2023ರ ಜುಲೈನಲ್ಲಿ ಒಪ್ಪಂದ ಮಾಡಿಕೊಂಡವು. ಅದೇ ಸೆಪ್ಟೆಂಬರ್‌ನಲ್ಲಿ ಹಡಗಿನ ಅಡಿಮರ ಇಡಲಾಯಿತು. ಬಾಬು ಶಂಕರನ್ ಅವರ ಮುಂದಾಳತ್ವದಲ್ಲಿ ಕೇರಳದ ಕುಶಲಕರ್ಮಿಗಳು ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಸಂದುಗಳಿಗೆ ನಾರು ಮತ್ತು ರಾಳ ತುಂಬಿದರು. 2025ರ ಫೆಬ್ರವರಿಯಲ್ಲಿ ಹಡಗು ಗೋವಾದಲ್ಲಿ ನೀರಿಗಿಳಿಯಿತು. 2025ರ ಮೇ 21ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹೆಸರಿನೊಂದಿಗೆ ನೌಕಾಪಡೆಗೆ ಸೇರಿತು. ಹಿಂದೂ ಮಹಾಸಾಗರ ದಾಟಿ ಆಗ್ನೇಯ ಏಷ್ಯಾಕ್ಕೆ ಹೋದನೆಂದು ಐತಿಹ್ಯ ಹೇಳುವ ನಾವಿಕನ ಹೆಸರದು.

ಪೂರ್ವಜ್ಞಾನ

ರಾವಂದೂರು ಸುತ್ತಿನ ಮಕ್ಕಳಲ್ಲಿ ಅನೇಕರು ಸಮುದ್ರ ನೋಡಿರಲಾರರು. ಆದರೂ ಹಡಗಿನ ಮುಖ್ಯ ಕೆಲಸಗಳು ಅವರಿಗೆ ಬೇರೆ ರೂಪದಲ್ಲಿ ಗೊತ್ತು. ಹೀಗೆ ಕೇಳಿ:

1. ಕಣದಲ್ಲಿ ರಾಗಿ ತೂರುವಾಗ ಗಾಳಿ ಯಾವ ಕಡೆಯಿಂದ ಬರಬೇಕು? ಗಾಳಿ ಬರದಿದ್ದರೆ ಏನು ಮಾಡುತ್ತಾರೆ?
2. ಹರಿಗೋಲಿನವರು ಒಂದೇ ಹುಟ್ಟಿನಲ್ಲಿ ಅದನ್ನು ಹೇಗೆ ತಿರುಗಿಸುತ್ತಾರೆ?
3. ತೆಂಗಿನ ನಾರಿನ ಹಗ್ಗ ನೆನೆದರೆ ಗಂಟು ಬಿಚ್ಚುವುದು ಸುಲಭವೋ ಕಷ್ಟವೋ?

ಮೊದಲನೆಯ ಉತ್ತರ ಹಾಯಿಗೆ, ಎರಡನೆಯದು ಚುಕ್ಕಾಣಿಗೆ, ಮೂರನೆಯದು ಹೊಲಿಗೆಗೆ ದಾರಿ ಮಾಡುತ್ತದೆ. ಕೌಂಡಿನ್ಯದಲ್ಲಿ ಎಂಜಿನ್ ಇಲ್ಲ, ಚೌಕ ಹಾಯಿಗಳಿವೆ. ಹಿಂದಿನಿಂದ ಬೀಸುವ ಗಾಳಿ ಇವಕ್ಕೆ ಅನುಕೂಲ, ಎದುರುಗಾಳಿಗೆ ನೇರವಾಗಿ ಹೋಗಲಾಗದು. ಈಗಿನ ಹಡಗಿನ ಚುಕ್ಕಾಣಿಯ ಬದಲು ಹಿಂಬದಿಯ ಪಕ್ಕದಲ್ಲಿ ದೊಡ್ಡ ಹುಟ್ಟುಗಳಿಂದ ದಿಕ್ಕು ಬದಲಿಸುತ್ತಾರೆ.

ಚಟುವಟಿಕೆ 1: ಹೊಲಿದು ನೋಡುವುದು (10 ನಿಮಿಷ)

ಇಬ್ಬಿಬ್ಬರಿಗೆ ಎರಡು ರಟ್ಟಿನ ತುಂಡು ಕೊಡಿ. ಅಂಚಿಗೆ ಅಂಚು ತಾಗಿಸಿ, ದಬ್ಬಳದಿಂದ ಎದುರುಬದುರು ತೂತು ಮಾಡಿ, ಹುರಿಯಿಂದ ಬಿಗಿಯಾಗಿ ಹೊಲಿಯಲಿ. ನಂತರ ತುಸು ಬಾಗಿಸಲಿ. ಜೋಡಣೆ ಒಡೆಯದೆ ಬಾಗುತ್ತದೆ. ಅಲೆ ಬಡಿದಾಗ ಹೊಲಿದ ಒಡಲೂ ಹೀಗೆಯೇ ಸ್ವಲ್ಪ ಬಳುಕುತ್ತದೆ. ಕಬ್ಬಿಣದ ಮೊಳೆಗೆ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುತ್ತದೆ, ನಾರಿಗೆ ಆ ತೊಂದರೆ ಇಲ್ಲ. ದಬ್ಬಳ ಚೂಪಾಗಿರುವುದರಿಂದ ತೂತು ಮಾಡುವಾಗ ಶಿಕ್ಷಕರು ಪಕ್ಕದಲ್ಲೇ ಇರಬೇಕು.

ಚಟುವಟಿಕೆ 2: ‘ಇದು ಹೇಗೆ ಗೊತ್ತಾಯಿತು?’ (15 ನಿಮಿಷ)

ಇದೇ ಪಾಠದ ತಿರುಳು. ಎರಡೂ ಚಿತ್ರಗಳನ್ನು ಅಕ್ಕಪಕ್ಕ ತೂಗುಹಾಕಿ. ಹಡಗಿನ ಒಂದೊಂದು ಭಾಗವನ್ನು ತೋರಿಸಿ ಮೇಲಿನ ಪ್ರಶ್ನೆಯನ್ನೇ ಕೇಳಿ. ಉತ್ತರಗಳು ನಾಲ್ಕು ಗುಂಪಾಗುತ್ತವೆ.

ಒಂದು, ಚಿತ್ರ ಹೇಳಿದ್ದು. ಒಡಲಿನ ಹೊರ ಆಕಾರ, ಹಾಯಿ, ದಿಕ್ಕು ಬದಲಿಸುವ ಹುಟ್ಟು.

ಎರಡು, ಕಸುಬು ಹೇಳಿದ್ದು. ಹಲಗೆಗಳನ್ನು ಹೇಗೆ ಜೋಡಿಸಬೇಕೆಂದು ಗೋಡೆಯ ಚಿತ್ರ ಹೇಳದು. ಅದು ಕುಶಲಕರ್ಮಿಗಳ ಕೈಯಲ್ಲಿ ತಲೆಮಾರಿನಿಂದ ಉಳಿದುಬಂದಿತ್ತು. ಕಲಿತ ಕೈಯೂ ಒಂದು ಆಧಾರವೇ ಎಂಬುದನ್ನು ಮಕ್ಕಳೇ ಹೇಳುವವರೆಗೆ ಕಾಯಿರಿ.

ಮೂರು, ಪ್ರಯೋಗ ಹೇಳಿದ್ದು. ಆ ಕಾಲದ ನೀಲನಕ್ಷೆ ಯಾವುದೂ ಉಳಿದಿಲ್ಲ. ಒಡಲು ನೀರಿನಲ್ಲಿ ಹೇಗೆ ನಿಲ್ಲುತ್ತದೆ ಎಂಬುದನ್ನು ಮದ್ರಾಸ್ ಐ.ಐ.ಟಿ.ಯ ಸಾಗರ ಎಂಜಿನಿಯರಿಂಗ್ ವಿಭಾಗದ ನೆರವಿನಿಂದ ಮಾದರಿಯ ಮೇಲೆ ಪರೀಕ್ಷಿಸಲಾಯಿತು.

ನಾಲ್ಕು, ಇಂದಿನವರು ಆರಿಸಿದ್ದು. ಹಾಯಿಯ ಮೇಲೆ ಗಂಡಭೇರುಂಡ ಮತ್ತು ಸೂರ್ಯ, ಮುಂಬದಿಯಲ್ಲಿ ಸಿಂಹಯಾಳಿ, ಮೇಲ್ತಟ್ಟಿನಲ್ಲಿ ಹರಪ್ಪ ಮಾದರಿಯ ಕಲ್ಲಿನ ಲಂಗರು.

ನಾಲ್ಕನೆಯ ಗುಂಪಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಗಂಡಭೇರುಂಡವನ್ನು ಮಕ್ಕಳು ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಕಂಡಿರುತ್ತಾರೆ, ತಕ್ಷಣ ಗುರುತಿಸುತ್ತಾರೆ. ಬಳ್ಳಿಗಾವಿಯ ಪ್ರಸಿದ್ಧ ಗಂಡಭೇರುಂಡ ಸ್ತಂಭ ಸ್ಥಾಪನೆಯಾದದ್ದು 1047ರಲ್ಲಿ. ಹರಪ್ಪ ನಾಗರಿಕತೆಯ ನಗರಗಳು ಅಜಂತಾದ ಈ ಚಿತ್ರಕ್ಕಿಂತ ಎರಡು ಸಾವಿರ ವರ್ಷಕ್ಕೂ ಹಿಂದಿನವು. ಕಪ್ಪುಹಲಗೆಯ ಮೇಲೆ ಕಾಲರೇಖೆ ಎಳೆದು ಮೂರನ್ನೂ ಗುರುತಿಸಲು ಹೇಳಿ. ಒಂದೇ ಹಡಗಿನಲ್ಲಿ ಬೇರೆ ಬೇರೆ ಕಾಲದ ಗುರುತುಗಳು ಜೊತೆಯಾಗಿರುವುದು ಕಣ್ಣಿಗೇ ಕಾಣುತ್ತದೆ.

ಇದರಿಂದ ಹಡಗಿನ ಬೆಲೆ ಕಡಿಮೆಯಾಗದು. ಲಂಗರು ಸಾಂಕೇತಿಕ ಎಂದು ಕಟ್ಟಿಸಿದವರೇ ಹೇಳಿದ್ದಾರೆ. ಯಾವುದು ಆಧಾರದಿಂದ ಬಂದದ್ದು, ಯಾವುದು ಗೌರವಕ್ಕಾಗಿ ಸೇರಿಸಿದ್ದು ಎಂದು ಬಿಡಿಸಿ ಹೇಳುವುದು ಇತಿಹಾಸ ಕಲಿಯುವವರ ಕೆಲಸ.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ

‘ಇದು 1500 ವರ್ಷ ಹಳೆಯ ಹಡಗು’ ಎಂಬ ಮಾತು ತರಗತಿಯಲ್ಲಿ ಸುಲಭವಾಗಿ ಬಾಯಿಗೆ ಬರುತ್ತದೆ. ‘5ನೇ ಶತಮಾನದ ಚಿತ್ರವನ್ನು ಆಧರಿಸಿ ನಮ್ಮ ಕಾಲದಲ್ಲಿ ಕಟ್ಟಿದ ಹಡಗು’ ಎಂದೇ ಹೇಳಿ. ಎರಡು ವಾಕ್ಯಗಳ ನಡುವಿನ ಅಂತರವೇ ಈ ಪಾಠ. ಇನ್ನೊಂದು ಮಾತು: ಕೂವೆಮರ, ಲಂಗರು, ಹಾಯಿ ಮುಂತಾದ ಹೆಸರುಗಳನ್ನು ಮೊದಲೇ ಬರೆಸಬೇಡಿ. ಭಾಗದ ಕೆಲಸ ತಿಳಿದ ಮೇಲೆ ಹೆಸರು ಕೊಟ್ಟರೆ ಅದು ನೆನಪಿನಲ್ಲಿ ನಿಲ್ಲುತ್ತದೆ.

ಮೌಲ್ಯಮಾಪನ

1. ಹಡಗಿನ ಯಾವುದಾದರೂ ಒಂದು ಭಾಗವನ್ನು ಆರಿಸಿ, ಅದು ನಾಲ್ಕು ಗುಂಪಿನಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಕಾರಣ ಸಹಿತ ಬರೆಯಿರಿ.
2. ಅಜಂತಾದ ಚಿತ್ರ ಮಾತ್ರ ಉಳಿದು, ಹೊಲಿಯುವ ಕಸುಬು ಅಳಿದುಹೋಗಿದ್ದರೆ ಹಡಗು ಕಟ್ಟುವವರಿಗೆ ಯಾವ ತೊಡಕು ಬರುತ್ತಿತ್ತು?

ಗೃಹಕಾರ್ಯ

ನಿಮ್ಮ ಮನೆಯಲ್ಲಿ ಈಗ ಬಳಸದ ಒಂದು ಹಳೆಯ ಸಲಕರಣೆಯನ್ನು (ಒನಕೆ, ಕೊಳಗ, ಕೂರಿಗೆ, ಯಾವುದಾದರೂ) ನೋಡಿ ಚಿತ್ರ ಬರೆಯಿರಿ. ನೋಡಿದರೆ ತಿಳಿಯುವ ಮೂರು ಸಂಗತಿ ಒಂದು ಕಡೆ, ಅಜ್ಜ ಅಜ್ಜಿಯನ್ನು ಕೇಳಿದ ಮೇಲಷ್ಟೇ ತಿಳಿದ ಮೂರು ಸಂಗತಿ ಇನ್ನೊಂದು ಕಡೆ ಬರೆದು ತನ್ನಿ.