ನಾಯಿಗೆ ಎತ್ತಿ ತರುವ ಪಾಠ: ಕಾಡುಹಕ್ಕಿ ಬೇಡ, ಗರಿಯ ಸುರುಳಿ ಸಾಕು

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆಯ ರೈತರಿಗೆ ಹೊಲದ ನಾಯಿ ಹೊಸದೇನೂ ಅಲ್ಲ. ಗೋವಿನಜೋಳ ತೆನೆ ಕಟ್ಟಿದಾಗ ಹಂದಿಯ ಸುಳಿವು ಕೊಡಲು ಅದು ಬೇಕೇ ಬೇಕು. ಇಂಥ ನಾಯಿಗೆ ಬಿದ್ದ ಹಕ್ಕಿಯನ್ನು ಎತ್ತಿ ತರುವುದನ್ನೂ ಕಲಿಸಬೇಕೆಂಬ ಆಸೆ ಕೆಲವರಿಗೆ ಇರುತ್ತದೆ. ಇಂಗ್ಲೆಂಡ್, ಅಮೆರಿಕ ದೇಶಗಳಲ್ಲಿ ಬಂದೂಕಿನ ಬೇಟೆಗೆ ಹೋಗುವ ನಾಯಿಗಳನ್ನು ಸಾಕಿದ ಫೆಸೆಂಟ್, ಪಾರಿವಾಳ, ಲಾವಕ್ಕಿಗಳಿಂದ ಪಳಗಿಸುವ ರೂಢಿ ಇದೆ. ಅದನ್ನೇ ಕೇಳಿಕೊಂಡು ನಮ್ಮ ಬದುವಿನ ಕೌಜುಗವನ್ನೋ ಬುರ್ಲಿಯನ್ನೋ ಬಲೆಗೆ ಹಾಕಿ, ರೆಕ್ಕೆ ಕಟ್ಟಿ ಮರಿಯ ಮುಂದೆ ಬಿಟ್ಟರೆ ರೈತನು ಅಪರಾಧಿಯಾಗುತ್ತಾನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೊದಲಲ್ಲಿ ಸಣ್ಣ ಬೇಟೆಗೆ ಪರವಾನಿಗೆ ಸಿಗುತ್ತಿತ್ತು. 1991ರ ತಿದ್ದುಪಡಿಯಿಂದ ಅದು ನಿಂತುಹೋಯಿತು. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಬಲೆ ಒಡ್ಡುವುದು, ಅಟ್ಟುವುದು, ಹಕ್ಕಿಯ ಮೊಟ್ಟೆ ಗೂಡು ಕೆಡಿಸುವುದು ಎಲ್ಲವೂ ಕಾಯಿದೆಯ ದೃಷ್ಟಿಯಲ್ಲಿ ಬೇಟೆಯೇ. ನವಿಲು ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಜೈಲು. ಬಂಕಾಪುರ ಕೋಟೆಯ ಸುತ್ತಿನ ಹೊಲದವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಹಾಗಾದರೆ ಸಾಕಿದ ಕೋಳಿಯನ್ನೋ ಜಪಾನಿ ಲಾವಕ್ಕಿಯನ್ನೋ ಕಟ್ಟಿಹಾಕಬಹುದಲ್ಲ ಎನ್ನಬಹುದು. ಮೋಜಿಗಾಗಿ ಒಂದು ಪ್ರಾಣಿಯನ್ನು ಕಟ್ಟಿ ಇನ್ನೊಂದಕ್ಕೆ ಬಲಿ ಕೊಡುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಒಪ್ಪುವುದಿಲ್ಲ. ಕಾಯಿದೆ ಪಕ್ಕಕ್ಕಿರಲಿ, ಒದ್ದಾಡುವ ಹಕ್ಕಿಯನ್ನು ಕಚ್ಚಿ ರುಚಿ ಕಂಡ ಮರಿ ಮುಂದೆ ನಿಮ್ಮ ಹಿತ್ತಲಿನ ಕೋಳಿಯನ್ನೂ ಬಿಡಲಾರದು. ಗಾಬರಿಯಾದ ಹಕ್ಕಿ ಕುಕ್ಕಿದರೆ ಮರಿ ಹೆದರಿ ಬಾಯಿ ಬಿಗಿ ಮಾಡುತ್ತದೆ. ಬಿಗಿಬಾಯಿ ಒಮ್ಮೆ ಬಂದರೆ ಹೋಗಿಸುವುದು ಬಹಳ ಕಷ್ಟ.

ನಿಜವಾಗಿ ರೈತನಿಗೆ ಬೇಕಾದದ್ದು ಕರೆದರೆ ಬರುವ, ಹೇಳಿದರೆ ಬಾಯಲ್ಲಿದ್ದದ್ದನ್ನು ಬಿಡುವ ನಾಯಿ. ಪಕ್ಕದ ಮನೆಯ ಕೋಳಿಮರಿ ಹಿಡಿದಾಗ ‘ಬಿಡು’ ಎಂದರೆ ಬಿಡಬೇಕು. ಎತ್ತಿ ತರುವ ಪಾಠ ಇದನ್ನೇ ಕಲಿಸುತ್ತದೆ. ಅದಕ್ಕೆ ಜೀವಂತ ಹಕ್ಕಿ ಬೇಕಿಲ್ಲ.

ಹಳೆಯ ಕಾಲುಚೀಲದಲ್ಲಿ ಚಿಂದಿಬಟ್ಟೆ ತುಂಬಿ ಗೇಣುದ್ದದ ಸುರುಳಿ ಮಾಡಿರಿ. ಮರಿ ಎರಡು ಮೂರು ತಿಂಗಳಿನದಾದಾಗ ಆರಂಭಿಸಬಹುದು. ಎರಡು ಗೋಡೆಗಳ ನಡುವಿನ ಓಣಿಯಂಥ ಇಕ್ಕಟ್ಟಾದ ಜಾಗ ಆರಿಸಿ, ನಾಲ್ಕು ಹೆಜ್ಜೆ ದೂರ ಸುರುಳಿ ಎಸೆಯಿರಿ. ಮರಿ ಅದನ್ನು ಕಚ್ಚಿಕೊಂಡ ಮೇಲೆ ನಿಮ್ಮ ಕಡೆ ಬರದೆ ಬೇರೆ ದಾರಿ ಇರಬಾರದು. ಬರಲು ತಡ ಮಾಡಿದರೆ ಅದರ ಹಿಂದೆ ಓಡಬೇಡಿರಿ, ಓಡಿದರೆ ಅದಕ್ಕೆ ಆಟವಾಗುತ್ತದೆ. ನೀವೇ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ದೂರ ಹೋಗಿರಿ, ಅದು ಹಿಂದೆಯೇ ಬರುತ್ತದೆ. ಬಂದ ಕೂಡಲೇ ಬಾಯಿಂದ ಕಿತ್ತುಕೊಳ್ಳದೆ ಮೊದಲು ಬೆನ್ನು ಸವರಿ, ಆಮೇಲೆ ರೊಟ್ಟಿಯ ಚೂರು ತೋರಿಸಿ ‘ಬಿಡು’ ಎನ್ನಿರಿ. ದಿನಕ್ಕೆ ಮೂರು ನಾಲ್ಕು ಎಸೆತ ಸಾಕು. ಮರಿಗೆ ಇನ್ನೂ ಬೇಕೆನಿಸುವಾಗಲೇ ನಿಲ್ಲಿಸಬೇಕು. ಇಲ್ಲಿಯೇ ಹಲವರು ಎಡವುತ್ತಾರೆ, ಇಪ್ಪತ್ತು ಸಲ ಎಸೆದು ಮರಿಗೆ ಬೇಸರ ತರಿಸುತ್ತಾರೆ.

ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬೀಳುವಾಗ ವಸಡು ನೋಯುವುದರಿಂದ ಎಸೆತ ಕಡಿಮೆ ಮಾಡಿ, ‘ಬಾ’, ‘ಕೂಡು’ ಎಂಬ ಮಾತುಗಳನ್ನೇ ಗಟ್ಟಿಮಾಡಿಸಿರಿ. ಹಲ್ಲು ಬಂದ ಮೇಲೆ ಕೋಳಿಯ ಒಣಗಿದ ಗರಿಗಳನ್ನು ಸುರುಳಿಗೆ ದಾರದಿಂದ ಬಿಗಿದು, ಕಟಾವಾದ ಹೊಲದ ಕೂಳೆಯಲ್ಲಿ ಅಡಗಿಸಿಡಿರಿ. ಗಾಳಿ ಎದುರಿಗೆ ಬರುವ ಕಡೆಯಿಂದ ನಾಯಿಯನ್ನು ಬಿಟ್ಟರೆ ಮೂಗಿನಿಂದ ಹುಡುಕುವುದನ್ನು ತಾನಾಗಿ ಕಲಿಯುತ್ತದೆ. ಗರಿಯನ್ನು ಆರೋಗ್ಯವಂತ ಕೋಳಿಯಿಂದಲೇ ತೆಗೆದುಕೊಳ್ಳಬೇಕು. ರೋಗದಿಂದ ಸತ್ತ ಕೋಳಿಯ ಗರಿ ಕೊಕ್ಕರೆ ರೋಗವನ್ನು ಮನೆಯ ಕೋಳಿಗಳಿಗೆ ತಗುಲಿಸಬಹುದು.

ಯಾವ ನಾಯಿ ಒಳ್ಳೆಯದು? ಲ್ಯಾಬ್ರಡಾರ್‌ಗೆ ಈ ಗುಣ ಹುಟ್ಟಿನಿಂದಲೇ ಉಂಟು. ನಮ್ಮ ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ; ಓಡುವುದನ್ನು ಕಂಡರೆ ಅದಕ್ಕೆ ಕಿವಿ ಕೇಳಿಸುವುದಿಲ್ಲ ಎಂದೇ ಹೇಳಬಹುದು. ಅದಕ್ಕೆ ‘ಬಾ’ ಕಲಿಸಲು ಇಮ್ಮಡಿ ತಾಳ್ಮೆ ಬೇಕು. ಸಾಧಾರಣ ನಾಡನಾಯಿ ಇವೆರಡರ ನಡುವೆ ನಿಲ್ಲುತ್ತದೆ. ಹೊಲದ ಕೆಲಸಕ್ಕೆ ಅದೇ ಮೇಲೆಂದು ನಮ್ಮ ಅನಿಸಿಕೆ.

ಕೌಜುಗ ನೆಲದ ಮೇಲೆ, ಹುಲ್ಲು ಮುಳ್ಳುಕಂಟಿಗಳ ಮರೆಯಲ್ಲಿ ಮೊಟ್ಟೆ ಇಡುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಗೂಡಿನ ಕಾಲ. ನವಿಲು ಮಳೆಗಾಲದಲ್ಲಿ ಇಡುತ್ತದೆ. ಆ ತಿಂಗಳುಗಳಲ್ಲಿ ಪಾಠವನ್ನು ಹೊಲದಲ್ಲಿ ನಡೆಸದೆ ಹಿತ್ತಲಿನಲ್ಲಿಯೇ ನಡೆಸಿರಿ, ಬದುವಿನ ಹತ್ತಿರ ಹೋಗುವಾಗ ನಾಯಿಗೆ ಹಗ್ಗವಿರಲಿ. ಮರಿಗೆ ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಪಶು ಆಸ್ಪತ್ರೆಯಲ್ಲಿ ಹಾಕಿಸಿ, ಪ್ರತಿ ವರ್ಷ ತಪ್ಪದೆ ಮತ್ತೆ ಹಾಕಿಸಬೇಕು.