ಜಿಎನ್‌ಎಂ ಓದಿದವಳು ಲಂಡನ್ನಿಗೆ ಹೋಗಬಹುದೇ?

ಪ್ರಶ್ನೆ: ಮಗಳು ಗಂಗಾವತಿಯಲ್ಲಿ ಜಿಎನ್‌ಎಂ ಮುಗಿಸಿ ಎರಡು ವರ್ಷದಿಂದ ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ. ನಾಲ್ಕು ಲಕ್ಷ ಕೊಟ್ಟರೆ ಲಂಡನ್ ಲೈಸೆನ್ಸ್ ಮಾಡಿಸಿಕೊಡುತ್ತೇನೆ ಎಂದು ಏಜೆಂಟರೊಬ್ಬರು ಬೆನ್ನು ಬಿದ್ದಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಇದು ಆಗುವ ಮಾತೇ?
– ಓದುಗರು, ಕುಷ್ಟಗಿ

ಉತ್ತರ: ಹೋಗುವುದು ಆಗುವ ಮಾತೇ. ಏಜೆಂಟ್ ಲೈಸೆನ್ಸ್ ಮಾಡಿಸಿಕೊಡುವುದು ಮಾತ್ರ ಆಗದ ಮಾತು. ಬ್ರಿಟನ್ನಿನಲ್ಲಿ ನರ್ಸ್ ಎಂದು ಹೆಸರು ದಾಖಲಿಸುವ ಅಧಿಕಾರ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ಲಿಗೆ, ಅಂದರೆ ಎನ್‌ಎಂಸಿಗೆ ಮಾತ್ರ ಉಂಟು. ಅರ್ಜಿ, ಪರೀಕ್ಷೆ ಎಲ್ಲವೂ ಮಗಳ ಹೆಸರಿನಲ್ಲೇ, ಮಗಳ ಕೈಯಿಂದಲೇ ಆಗಬೇಕು. ಜಿಎನ್‌ಎಂ ಡಿಪ್ಲೊಮಾ ಆದವರನ್ನೂ ಅವರು ಒಪ್ಪುತ್ತಾರೆ. ಆಸ್ಟ್ರೇಲಿಯಾ ಹಾಗಲ್ಲ, ಅದು ಸಾಮಾನ್ಯವಾಗಿ ಪದವಿ ಕೇಳುತ್ತದೆ. ಆ ಆಸೆಯಿದ್ದರೆ ಪೋಸ್ಟ್ ಬೇಸಿಕ್ ಬಿಎಸ್ಸಿಗೆ ಇನ್ನೆರಡು ವರ್ಷ ಹಿಡಿಯಿರಿ.

ಮೊದಲ ಕೆಲಸ ಲಂಡನ್ನಿನಲ್ಲಿಲ್ಲ, ಬೆಂಗಳೂರಿನಲ್ಲಿದೆ. ಮಗಳು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಾಯಿತಳು, ಅವಳ ಮೇಲೆ ಯಾವ ದೂರೂ ಇಲ್ಲ ಎಂದು ಆ ಕೌನ್ಸಿಲ್ಲೇ ಹೊರದೇಶದ ಕೌನ್ಸಿಲ್ಲಿಗೆ ತಿಳಿಸಬೇಕು. ಕಡತಗಳು ಸಿಕ್ಕಿಬೀಳುವುದು ಇಲ್ಲೇ, ಅದೂ ಹೆಸರಿನ ಕಾರಣಕ್ಕೆ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಒಂದಕ್ಷರ ಇರುತ್ತದೆ, ಡಿಪ್ಲೊಮಾದಲ್ಲಿ ಅಡ್ಡಹೆಸರು ಸೇರಿರುತ್ತದೆ, ಪಾಸ್‌ಪೋರ್ಟಿನಲ್ಲಿ ಆ ಒಂದಕ್ಷರವೇ ಬಿಡಿಸಿಕೊಂಡು ಪೂರ್ತಿ ಅಪ್ಪನ ಹೆಸರಾಗಿ ಕೂತಿರುತ್ತದೆ. ಮದುವೆಯಾಗಿದ್ದರೆ ಗಂಡನ ಮನೆಯ ಹೆಸರು ಬೇರೆ. ನಿಮ್ಮೂರಿನಲ್ಲಿ ನಾಲ್ಕೂ ಒಬ್ಬಳೇ ಎಂದು ಇಡೀ ಓಣಿಗೆ ಗೊತ್ತು. ಇಂಗ್ಲೆಂಡಿನ ಗುಮಾಸ್ತನಿಗೆ ಅವರು ನಾಲ್ಕು ಜನ.

ಇನ್ನು ಇಂಗ್ಲಿಷು. ಎನ್‌ಎಂಸಿಗೆ ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯ ಓದು, ಆಲಿಕೆ, ಮಾತಿನಲ್ಲಿ 7, ಬರವಣಿಗೆಯಲ್ಲಿ 6.5 ಬೇಕು. ಅದರ ಬದಲು ಒಇಟಿ ಎಂಬ ಪರೀಕ್ಷೆ ಬರೆಯಬಹುದು, ನನ್ನ ಮತವೂ ಅದಕ್ಕೇ. ಐಇಎಲ್‌ಟಿಎಸ್‌ನಲ್ಲಿ ನಗರೀಕರಣದ ಸಾಧಕ ಬಾಧಕ ಎಂಬಂಥ ಪ್ರಬಂಧ ಬರೆಸುತ್ತಾರೆ. ಒಇಟಿಯಲ್ಲಿ ರೋಗಿಯೊಬ್ಬರ ಕೇಸ್ ಶೀಟ್ ಕೈಗಿಟ್ಟು, ಡಿಸ್ಚಾರ್ಜ್ ಆದವರ ಆರೈಕೆ ಕುರಿತು ಇನ್ನೊಬ್ಬ ನರ್ಸಿಗೆ 180–200 ಪದಗಳ ಪತ್ರ ಬರೆ ಎನ್ನುತ್ತಾರೆ. ವಾರ್ಡಿನಲ್ಲಿ ದುಡಿದವಳಿಗೆ ಎರಡನೆಯದು ಪರಿಚಿತ ನೆಲ. ಏಜೆಂಟನಿಗೆ ಕೊಡಬೇಕೆಂದಿರುವ ಹಣದಲ್ಲಿ ಕಾಲುಭಾಗ ಒಳ್ಳೆಯ ಇಂಗ್ಲಿಷ್ ತರಬೇತಿಗೆ ಹೋದರೂ ಸಾರ್ಥಕ.

ಆಮೇಲೆ ಎರಡು ಪರೀಕ್ಷೆ. ಸಿಬಿಟಿ ಎಂಬ ಕಂಪ್ಯೂಟರ್ ಪರೀಕ್ಷೆಯನ್ನು ಇಲ್ಲಿಂದಲೇ ಬರೆಯಬಹುದು: 15 ಪ್ರಶ್ನೆ ಡೋಸಿನ ಲೆಕ್ಕ, 100 ಪ್ರಶ್ನೆ ಶುಶ್ರೂಷೆ. ಎರಡನೆಯದಾದ ಆಸ್ಕಿ ಪರೀಕ್ಷೆ ಬ್ರಿಟನ್ನಿಗೆ ಹೋದ ಮೇಲೆಯೇ. ಹತ್ತು ಸ್ಟೇಷನ್ನುಗಳಲ್ಲಿ ಮಾಡಿ ತೋರಿಸಬೇಕು. ಅಲ್ಲಿ ಬೀಳುವವರು ಇಂಜೆಕ್ಷನ್ ಬಾರದೆ ಬೀಳುವುದಿಲ್ಲ, ಬಾಯಿ ಬಿಡದೆ ಬೀಳುತ್ತಾರೆ. ಕೈ ತೊಳೆದು, ತನ್ನ ಪರಿಚಯ ಹೇಳಿ, ರೋಗಿಯ ಪೂರ್ಣ ಹೆಸರು, ಹುಟ್ಟಿದ ದಿನಾಂಕ ಕೇಳಿ ಮಣಿಕಟ್ಟಿನ ಪಟ್ಟಿಯೊಂದಿಗೆ ತಾಳೆ ನೋಡಿ, ಅಲರ್ಜಿ ಇದೆಯೇ ಎಂದು ಕೇಳಿಯೇ ಮುಟ್ಟಬೇಕು. ‘ಮೂರನೇ ಬೆಡ್ಡಿನ ಅಜ್ಜಿ’ ಎಂದು ಕೆಲಸ ಸಾಗಿಸಿದ ನಮ್ಮ ಹುಡುಗಿಯರಿಗೆ ಇದು ನಾಟಕ ಅನ್ನಿಸುತ್ತದೆ. ಹುಟ್ಟಿದ ದಿನಾಂಕ ಕೇಳಿದರೆ ನಮ್ಮ ಅಜ್ಜಿಯರು ಬರಗಾಲದ ಲೆಕ್ಕ ಹೇಳುತ್ತಾರೆ, ಅದೂ ನಿಜ. ಅಭ್ಯಾಸವನ್ನು ಇಂದಿನಿಂದಲೇ ಕೊಪ್ಪಳದ ವಾರ್ಡಿನಲ್ಲೇ ಶುರು ಮಾಡಲಿ. ರೋಗಿಗಳಿಗೂ ಒಳ್ಳೆಯದು.

ಬೇರೆ ದೇಶಗಳ ಮಾತು ಚುಟುಕಾಗಿ. ಅಮೆರಿಕದ ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಪರೀಕ್ಷೆಗೆ ಬೆಂಗಳೂರಿನಲ್ಲಿಯೂ ಕೇಂದ್ರವಿದೆ. ಆದರೆ ಅದು ಪಾಸಾದರೆ ವೀಸಾ ಬಂದಂತಲ್ಲ, ಭಾರತೀಯರ ಗ್ರೀನ್ ಕಾರ್ಡ್ ಸಾಲು ವರ್ಷಗಟ್ಟಲೆ ಉದ್ದವಿದೆ. ಕೊಲ್ಲಿ ರಾಷ್ಟ್ರಗಳಲ್ಲಿ ದಾಖಲೆಗಳನ್ನು ಡೇಟಾಫ್ಲೋ ಎಂಬ ಸಂಸ್ಥೆ ಜಾಲಾಡುತ್ತದೆ, ಸುಳ್ಳು ಅನುಭವ ಪತ್ರ ಅಲ್ಲಿ ಸಿಕ್ಕಿಬೀಳುತ್ತದೆ. ಜರ್ಮನಿಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಕನ್ನಡ ಮಾಧ್ಯಮದವರು ಆ ದಾರಿಯನ್ನೂ ಯೋಚಿಸಬೇಕೆಂದು ನನಗನ್ನಿಸುತ್ತದೆ. ಅಲ್ಲಿ ಕಾನ್ವೆಂಟಿನವರೂ ನಮ್ಮವರೂ ಒಂದೇ ಅಕ್ಷರಮಾಲೆಯಿಂದ ಶುರು ಮಾಡುತ್ತಾರೆ.

ನಾಲ್ಕು ಲಕ್ಷದ ವಿಚಾರ. ವಿದೇಶಾಂಗ ಸಚಿವಾಲಯದ ಲೈಸೆನ್ಸ್ ಇರುವ ಏಜೆಂಟ್ ಸಹ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಆತನ ನೋಂದಣಿ ಇ-ಮೈಗ್ರೇಟ್ ಜಾಲತಾಣದಲ್ಲಿದೆಯೇ ನೋಡಿ. ‘ಮೊದಲು ಕೇರ್ ಅಸಿಸ್ಟೆಂಟ್ ಆಗಿ ಹೋಗಲಿ, ಆಮೇಲೆ ನರ್ಸ್ ಆಗಬಹುದು’ ಎಂದರೆ ಅಲ್ಲಿಗೇ ಮಾತು ಮುಗಿಸಿ. ಹೊರದೇಶದಿಂದ ಕೇರ್ ವರ್ಕರ್‌ಗಳನ್ನು ಹೊಸದಾಗಿ ಕರೆಸಿಕೊಳ್ಳುವ ವೀಸಾವನ್ನು ಬ್ರಿಟನ್ 2025ರ ಜುಲೈ 22ರಂದು ನಿಲ್ಲಿಸಿದೆ.

ಸದ್ಯಕ್ಕೆ ಯಾರಿಗೂ ಮುಂಗಡ ಕೊಡಬೇಡಿ. ಇವತ್ತು ರಾತ್ರಿ ಊಟವಾದ ಮೇಲೆ ಅಂಕಪಟ್ಟಿ, ಡಿಪ್ಲೊಮಾ, ಕೌನ್ಸಿಲ್ಲಿನ ನೋಂದಣಿ ಪತ್ರ, ಪಾಸ್‌ಪೋರ್ಟ್ ನಾಲ್ಕನ್ನೂ ಚಾಪೆಯ ಮೇಲೆ ಹರವಿ, ಮಗಳ ಹೆಸರನ್ನು ಅಕ್ಷರ ಬಿಡದೆ ತಾಳೆ ನೋಡಿ.