ಚಿತ್ರದಲ್ಲಿ ಕಾಣದ ಅಕ್ಕಿಮೂಟೆ

ಪ್ರಶ್ನೆ: ಬೆಂಗಳೂರಿನಲ್ಲಿ 600 ಚದರಡಿಯ, ಒಂದೇ ಬೆಡ್‌ರೂಮಿನ ಫ್ಲ್ಯಾಟ್ ಕೊಂಡಿದ್ದೇವೆ. ನಾವಿಬ್ಬರು, ಮಗಳು, ನಮ್ಮತ್ತೆ. ಇಂಟೀರಿಯರ್‌ನವರು ತೋರಿಸಿದ ಚಿತ್ರ ಚೆನ್ನಾಗಿದೆ, ಆದರೂ ಒಪ್ಪಿಕೊಳ್ಳಲು ಹಿಂಜರಿಕೆ. ಏನೇನು ನೋಡಬೇಕು?

ಉತ್ತರ: ಆ ಚಿತ್ರದಲ್ಲಿ ಏನೇನು ಇಲ್ಲ ಅಂತ ನೋಡಿ. ಒಣಹಾಕಿದ ಬಟ್ಟೆ, ಸುತ್ತಿಟ್ಟ ಹಾಸಿಗೆ, ಸಿಲಿಂಡರ್, ನೆಲ ಒರೆಸುವ ಬಕೆಟ್, 25 ಕಿಲೋ ಅಕ್ಕಿಮೂಟೆ ಯಾವ ಇಂಟೀರಿಯರ್ ಚಿತ್ರದಲ್ಲೂ ಇರುವುದಿಲ್ಲ. ಎಲ್ಲರ ಮನೆಯಲ್ಲೂ ಇರುತ್ತವೆ. ಮೊದಲು ಇವಕ್ಕೆ ಜಾಗ ಗೊತ್ತುಮಾಡಿ, ಸೋಫಾ ಆಮೇಲೆ. ಅಂದಹಾಗೆ, ನಿಮ್ಮ 600 ಸೂಪರ್ ಬಿಲ್ಟ್‌ಅಪ್ ಲೆಕ್ಕವಾಗಿದ್ದರೆ ಮನೆಯೊಳಗೆ ಕೈಗೆ ಸಿಗುವುದು ಅದರ ಮುಕ್ಕಾಲು ಪಾಲು ಇದ್ದೀತು. ಕಾರ್ಪೆಟ್ ಏರಿಯಾ ಎಷ್ಟೆಂದು ಕೇಳಿಕೊಳ್ಳಿ.

ನಾಲ್ಕು ಜನರ ಡೈನಿಂಗ್ ಟೇಬಲ್ ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲ. ಎರಡೂ ಕಡೆ ಕುರ್ಚಿ ಎಳೆದು ಕೂರಲು ಮತ್ತೆ ತಲಾ ಎರಡೂವರೆ ಅಡಿ ಬಿಟ್ಟರೆ 30 ಚದರಡಿ ಹೋಯಿತು. ನಿಮ್ಮ ಮನೆಯಲ್ಲಿ ನಾಲ್ವರೂ ಒಟ್ಟಿಗೆ ಊಟಕ್ಕೆ ಕೂರುವುದು ಎಷ್ಟು ದಿನ? ತಟ್ಟೆ ಹಿಡಿದು ಟಿವಿ ಮುಂದೆ ಕೂರುವ ಮನೆಯಾದರೆ ಗೋಡೆಗೆ ಮಡಚುವ ಹಲಗೆ ಸಾಕು. ಮಗಳ ಹೋಂವರ್ಕೂ ಅದರ ಮೇಲೇ ಆಗುತ್ತದೆ.

ಅಡುಗೆಮನೆಯ ಮಾತು ಬೇರೆ. 1926ರಲ್ಲಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್‌ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಪುಟ್ಟ ಮನೆಗಳಿಗೆಂದು ಒಂದು ಅಡುಗೆಮನೆ ರೂಪಿಸಿದರು. ಹೆಜ್ಜೆ ಎಣಿಸಿ, ಕೆಲಸದ ಹೊತ್ತು ಅಳೆದು ಮಾಡಿದ್ದು. ಇವತ್ತಿನ ಮಾಡ್ಯುಲರ್ ಕಿಚನ್ನಿನ ಹಿರಿಯಜ್ಜಿ ಅದೇ. ಆದರೆ ಅಗಲ ಎರಡು ಮೀಟರಿಗೂ ಕಡಿಮೆ. ಒಬ್ಬರ ಕೆಲಸಕ್ಕೆ ಅಚ್ಚುಕಟ್ಟು, ಇಬ್ಬರು ನಿಂತರೆ ಮೈಗೆ ಮೈ ತಾಗುವಷ್ಟು ಇಕ್ಕಟ್ಟು. ನಿಮ್ಮಲ್ಲಿ ಅಡುಗೆ ಒಬ್ಬರದೇ ಕೆಲಸವೇ? ಅತ್ತೆಯವರು ಸೊಪ್ಪು ಬಿಡಿಸಿ, ಕಾಯಿ ತುರಿದು ಕೊಡುವವರಾದರೆ ಒಂದು ಸ್ಟೂಲಿಗೂ, ಕೂತು ಕೆಲಸ ಮಾಡುವ ತಗ್ಗಿನ ಕಟ್ಟೆಗೂ ಜಾಗ ಕೇಳಿ. ಮೇಲಿನ ಕ್ಯಾಬಿನೆಟ್ ಒಂದು ಕಡಿಮೆಯಾದರೂ ಚಿಂತೆಯಿಲ್ಲ.

ಗ್ರೈಂಡರ್ ಮಾತ್ರ ಲಾಫ್ಟಿಗೆ ಹತ್ತಿಸಬೇಡಿ. ಹತ್ತು ಕಿಲೋಗೂ ಮೇಲಿನ ಕಲ್ಲಿನ ಭಾರವನ್ನು ವಾರವಾರ ಇಳಿಸುವವರು ಯಾರು? ಸಿಂಕಿನ ಹತ್ತಿರ, ಪ್ಲಗ್ ಪಾಯಿಂಟ್ ಇರುವಲ್ಲಿ ಕಾಯಂ ಕೂರಿಸಿ. ಕಟ್ಟೆಯ ಎತ್ತರವೂ ಅಡುಗೆ ಮಾಡುವವರ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿರಲಿ. ಒಲೆ ಇಡುವ ಕಡೆ ಇನ್ನೂ ತುಸು ತಗ್ಗಿದ್ದರೆ ಕುಕ್ಕರಿನೊಳಗೆ ಇಣುಕಲು ತುದಿಗಾಲಲ್ಲಿ ನಿಲ್ಲಬೇಕಿಲ್ಲ.

ಅಡ್ವಾನ್ಸ್ ಕೊಡುವ ಮೊದಲು ಖಾಲಿ ಫ್ಲ್ಯಾಟಿಗೆ ಹೋಗಿ, ಸೋಫಾ, ಮಂಚ, ಬೀರುಗಳನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆಯಿರಿ. ಬೀರು, ಫ್ರಿಜ್ ಬಾಗಿಲು ತೆರೆದಾಗ ಎಲ್ಲಿಗೆ ಬರುತ್ತದೆ ಅನ್ನುವುದಕ್ಕೂ ಗೆರೆ ಎಳೆಯಿರಿ. ಆಮೇಲೆ ಮಧ್ಯರಾತ್ರಿ ಎದ್ದವರ ಹಾಗೆ ಅತ್ತೆಯವರನ್ನು ಮಂಚದ ಜಾಗದಿಂದ ಬಾತ್‌ರೂಮಿನವರೆಗೆ ಒಮ್ಮೆ ನಡೆಸಿ ನೋಡಿ. ಎಲ್ಲೆಲ್ಲಿ ಗೆರೆ ತುಳಿಯುತ್ತಾರೋ ಅಲ್ಲಲ್ಲಿ ಚಿತ್ರ ತಿದ್ದಿಸಿ.